ಒಂದು ವಿಳಾಸಕ್ಕೆ ಎರಡು ಉತ್ತರ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಪ್ರೊಸೆಸರ್‌ನ ವಿಳಾಸ ಅನುವಾದದಲ್ಲೇ (ಪ್ರೋಗ್ರಾಂ ಬಳಸುವ ಮೆಮೊರಿ ವಿಳಾಸವನ್ನು ಭೌತಿಕ ವಿಳಾಸಕ್ಕೆ ಬದಲಿಸುವ ಕೆಲಸ) ದೋಷವಿದ್ದರೆ, ಒಂದೇ ಯಂತ್ರದಲ್ಲಿ (ಹೋಸ್ಟ್) ಹಲವು ವರ್ಚುವಲ್ ಯಂತ್ರಗಳನ್ನು (ಗೆಸ್ಟ್) ಓಡಿಸುವ ಹೈಪರ್‌ವೈಸರ್ ಅದನ್ನು ಹೇಗೆ ನಿಭಾಯಿಸುತ್ತದೆ ಎಂಬ ಕಷ್ಟದ ವಿಷಯ ಹಿಡಿದಿದ್ದೀರಿ. ಅದು ನನಗೆ ತುಂಬಾ ಇಷ್ಟವಾಯಿತು. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಕಾರಣ ಹೇಳುತ್ತೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಕ್ಲೌಡ್ ಬೆಳೆದ ಕಥೆ ಇಲ್ಲಿ ಬೇಡ. ಈ ಲೇಖನ ಓದಲು ಬರುವವರಿಗೆ ಅದೆಲ್ಲ ಗೊತ್ತಿರುತ್ತದೆ.

ಮೂರನೇ ಪುಟದಲ್ಲಿ ಒಂದು ದೊಡ್ಡ ತಪ್ಪಿದೆ. ‘ಐಟಿಎಲ್‌ಬಿ ಮಲ್ಟಿಹಿಟ್ ದೋಷದಿಂದ ಗೆಸ್ಟ್ ಒಳಗಿನವರು ಹೋಸ್ಟ್‌ನ ಗುಟ್ಟು ಓದಬಹುದು’ ಎಂದು ಬರೆದಿದ್ದೀರಿ. ಇಲ್ಲ, ಓದಲು ಬರುವುದಿಲ್ಲ. ನೀವು ಎರಡು ದೋಷಗಳನ್ನು ಬೆರೆಸಿದ್ದೀರಿ. ಗುಟ್ಟು ಸೋರುವುದು 2018ರ ಆಗಸ್ಟ್‌ನಲ್ಲಿ ಹೊರಬಂದ ಎಲ್1ಟಿಎಫ್ (ಎಲ್1 ಟರ್ಮಿನಲ್ ಫಾಲ್ಟ್) ಎಂಬ ದೋಷದಲ್ಲಿ. ಅಲ್ಲಿ ಪೇಜ್ ಟೇಬಲ್ (ವಿಳಾಸ ಅನುವಾದದ ಪಟ್ಟಿ) ನಮೂದಿನಲ್ಲಿ, ಪುಟ ಮೆಮೊರಿಯಲ್ಲಿದೆ ಎಂದು ಹೇಳುವ ‘ಪ್ರೆಸೆಂಟ್’ ಬಿಟ್ ಸೊನ್ನೆಯಾಗಿದ್ದರೂ, ದೋಷವಿರುವ ಇಂಟೆಲ್ ಪ್ರೊಸೆಸರ್ ಅದರಲ್ಲಿರುವ ವಿಳಾಸವನ್ನು ಊಹೆಯ ಮೇಲೆ ಬಳಸಿಬಿಡುತ್ತದೆ. ಆಗ ಗೆಸ್ಟ್‌ನ ವಿಳಾಸವನ್ನು ಹೋಸ್ಟ್‌ನ ವಿಳಾಸಕ್ಕೆ ಬದಲಿಸುವ ಎರಡನೇ ಹಂತದ ಅನುವಾದವೇ ತಪ್ಪಿಹೋಗುತ್ತದೆ. ಗೆಸ್ಟ್ ಬರೆದ ವಿಳಾಸವೇ ಹೋಸ್ಟ್‌ನ ವಿಳಾಸವಾಗಿ, ಎಲ್1 ಕ್ಯಾಶ್‌ನಲ್ಲಿ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿ) ಆಗ ಏನಿದೆಯೋ ಅದು ಸಿಗುತ್ತದೆ. ಅದಕ್ಕೇ ಹೈಪರ್‌ವೈಸರ್ ಗೆಸ್ಟ್ ಒಳಗೆ ಹೋಗುವ ಮುಂಚೆ ಎಲ್1 ಕ್ಯಾಶ್ ಖಾಲಿ ಮಾಡುತ್ತದೆ. ಇದನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

2019ರ ನವೆಂಬರ್‌ನಲ್ಲಿ ಬಯಲಾದ ಮಲ್ಟಿಹಿಟ್‌ನ ಕಥೆಯೇ ಬೇರೆ. ಅದು ಕದಿಯುವುದಿಲ್ಲ, ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ಒಂದೇ ಯಂತ್ರದಲ್ಲಿ ಹತ್ತಾರು ಗೆಸ್ಟ್‌ಗಳು ಓಡುತ್ತಿರುವಾಗ ಒಂದು ಗೆಸ್ಟ್ ಎಲ್ಲರನ್ನೂ ಕೆಡವಬಹುದು ಅಂದರೆ ಅದೇನು ಸಣ್ಣ ಮಾತಾ? ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಆ ಕ್ಷಣವನ್ನು ಓದುಗರಿಗೆ ಹತ್ತಿರದಿಂದ ತೋರಿಸಿ. ಗೆಸ್ಟ್ ಒಂದು 4 ಕೆಬಿ ಮೆಮೊರಿ ಪುಟದಲ್ಲಿರುವ ಕೋಡ್ ಓಡಿಸುತ್ತದೆ. ಆ ಅನುವಾದ, ಕೋಡ್‌ನ ಇತ್ತೀಚಿನ ಅನುವಾದಗಳನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಟಿಎಲ್‌ಬಿಯಲ್ಲಿ (ಅದೇ ಐಟಿಎಲ್‌ಬಿ) ಕೂರುತ್ತದೆ. ಆಮೇಲೆ ಗೆಸ್ಟ್ ತನ್ನ ಪೇಜ್ ಟೇಬಲ್ ತಿದ್ದಿ, ಅದೇ ವಿಳಾಸವನ್ನು 2 ಎಂಬಿ ಪುಟದೊಳಗೆ ಸೇರಿಸುತ್ತದೆ. ಜೊತೆಗೆ ಭೌತಿಕ ವಿಳಾಸವನ್ನೋ ಕ್ಯಾಶ್ ಬಗೆಯನ್ನೋ ಬದಲಿಸುತ್ತದೆ. ಹಳೆಯ ನಮೂದನ್ನು ಮಾತ್ರ ಅಳಿಸುವುದಿಲ್ಲ. ಈಗ ಒಂದೇ ವಿಳಾಸ ಕೇಳಿದರೆ ಟಿಎಲ್‌ಬಿಯಿಂದ ಎರಡು ಉತ್ತರ ಬರಬಹುದು. ಪ್ರೊಸೆಸರ್‌ಗೆ ಯಾವುದು ಸರಿ ಎಂದು ತೀರ್ಮಾನಿಸಲು ಬರುವುದಿಲ್ಲ. ಮಷೀನ್ ಚೆಕ್ (ಹಾರ್ಡ್‌ವೇರ್ ದೋಷದ ಎಚ್ಚರಿಕೆ) ಎಬ್ಬಿಸುತ್ತದೆ, ಹೋಸ್ಟ್ ಅಲ್ಲೇ ಸ್ತಬ್ಧ.

ಇದನ್ನು ನೀವು ಒಂದೇ ಸಾಲಿನಲ್ಲಿ ‘ಟಿಎಲ್‌ಬಿ ಗೊಂದಲ ಉಂಟಾಗುತ್ತದೆ’ ಎಂದು ದಾಟಿಸಿದ್ದೀರಿ. ಓದುವವರಿಗೆ ಇದರಿಂದ ಏನು ಸಿಕ್ಕಿತು, ಹೇಳಿ?

ಪುಟದ ಗಾತ್ರ ಬದಲಿಸುವಾಗ ಹಳೆಯ ನಮೂದು ತೆಗೆದು, ಟಿಎಲ್‌ಬಿ ಅಳಿಸಿ, ಆಮೇಲೆ ಹೊಸದನ್ನು ಬರೆದರೆ ತೊಂದರೆ ಇಲ್ಲ. ಒಳ್ಳೆಯ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹಾಗೆ ಮಾಡಬಹುದು. ಆದರೆ ಗೆಸ್ಟ್ ಒಳಗಿನ ಕರ್ನಲ್ ಒಳ್ಳೆಯದೇ ಎಂದು ಹೈಪರ್‌ವೈಸರ್ ನಂಬಿ ಕೂರುವಂತಿಲ್ಲ. ಗೆಸ್ಟ್ ತನ್ನ ಟೇಬಲ್ ತಿದ್ದಿದ್ದು ಅದಕ್ಕೆ ಗೊತ್ತಾಗುವುದೂ ಇಲ್ಲ. ಇಪಿಟಿ, ಅಂದರೆ ಇಂಟೆಲ್‌ನ ಎರಡನೇ ಹಂತದ ಪೇಜ್ ಟೇಬಲ್, ಬಂದದ್ದೇ ಪ್ರತಿ ತಿದ್ದುಪಡಿಗೂ ಹೈಪರ್‌ವೈಸರ್ ಅಡ್ಡ ಬರಬಾರದು ಅಂತ, ಅಲ್ವಾ? ಹಾಗಾಗಿ ಪರಿಹಾರವನ್ನು ಹೈಪರ್‌ವೈಸರ್ ಕೈಯಲ್ಲಿರುವ ಎರಡನೇ ಹಂತದಲ್ಲೇ ಹುಡುಕಬೇಕಾಯಿತು. ಈ ಇಕ್ಕಟ್ಟೇ ನಿಮ್ಮ ಲೇಖನದ ಜೀವ. ಅದು ಎಲ್ಲೂ ಬಂದಿಲ್ಲ.

ಲಿನಕ್ಸ್‌ನ ಹೈಪರ್‌ವೈಸರ್ ಆದ ಕೆವಿಎಂ ಮಾಡಿದ್ದನ್ನು ನೀವು ‘ದೋಷ ಸರಿಪಡಿಸಿತು’ ಎಂದು ಕರೆದಿದ್ದೀರಿ. ಸಾಫ್ಟ್‌ವೇರ್ ಚಿಪ್‌ನ ದೋಷವನ್ನು ಸರಿಪಡಿಸುವುದಿಲ್ಲ, ದೋಷಕ್ಕೆ ಹೋಗುವ ದಾರಿ ಮುಚ್ಚುತ್ತದೆ. ಇಪಿಟಿಯ ದೊಡ್ಡ ಪುಟಗಳಿಂದ ಕೋಡ್ ಓಡಿಸುವ ಅನುಮತಿಯನ್ನೇ ಕೆವಿಎಂ ತೆಗೆಯಿತು. ಗೆಸ್ಟ್ ಅಲ್ಲಿಂದ ಕೋಡ್ ಓಡಿಸಲು ಹೋದರೆ ಹೈಪರ್‌ವೈಸರ್‌ಗೆ ಕರೆ ಬರುತ್ತದೆ. ಆಗ ಅದು ಆ 2 ಎಂಬಿಯನ್ನು 4 ಕೆಬಿಯ 512 ಪುಟಗಳಾಗಿ ಒಡೆದು ಅನುಮತಿ ಕೊಡುತ್ತದೆ. ಎರಡು ಹಂತಗಳಲ್ಲಿ ಯಾವ ಪುಟ ಚಿಕ್ಕದೋ ಟಿಎಲ್‌ಬಿಗೆ ಅದೇ ಗಾತ್ರ. ಗೆಸ್ಟ್ ತನ್ನ ಕಡೆ ಏನೇ ಬರೆದುಕೊಂಡರೂ ಕೋಡ್‌ಗೆ 4 ಕೆಬಿ ನಮೂದು ಮಾತ್ರ ಸಿಗುತ್ತದೆ. ಎಷ್ಟು ಅಚ್ಚುಕಟ್ಟಾದ ಉಪಾಯ! ಇಲ್ಲಿ ನೀವು ನಿಧಾನಿಸಬೇಕಿತ್ತು.

ಬೆಲೆಯನ್ನೂ ಹೇಳಿ. ಒಡೆದ ಪುಟಗಳು ಹೆಚ್ಚಾದರೆ ಟಿಎಲ್‌ಬಿಯಲ್ಲಿ ಜಾಗ ಸಾಲದು, ಟೇಬಲ್ ಹುಡುಕಾಟ ಜಾಸ್ತಿಯಾಗುತ್ತದೆ. ಗೆಸ್ಟ್‌ನ ಟೇಬಲ್, ಇಪಿಟಿ ಎರಡರಲ್ಲೂ ನಾಲ್ಕು ಹಂತಗಳಿದ್ದರೆ ಒಂದು ಹುಡುಕಾಟಕ್ಕೆ 24 ಸಲದವರೆಗೆ ಮೆಮೊರಿ ಮುಟ್ಟಬೇಕಾಗಬಹುದು. ಅದಕ್ಕೇ ಒಡೆದ ಪುಟಗಳನ್ನು ಆಗಾಗ ಬಿಡಿಸಿ ಮತ್ತೆ ದೊಡ್ಡದಾಗಲು ಬಿಡುವ ಒಂದು ಕರ್ನಲ್ ಥ್ರೆಡ್ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ.

ಇನ್ನೊಂದು ಉದಾಹರಣೆ ಬೇಕಿದ್ದರೆ ಎಎಂಡಿಯ 383ನೇ ಎರಾಟಮ್ (ಚಿಪ್ ತಯಾರಕರು ತಾವೇ ಪಟ್ಟಿ ಮಾಡುವ ದೋಷ) ತಗೊಳ್ಳಿ. ಅದರಲ್ಲೂ ಟಿಎಲ್‌ಬಿಯಲ್ಲಿ ಒಂದೇ ವಿಳಾಸಕ್ಕೆ ಎರಡು ನಮೂದು ಹೊಂದಿಕೆಯಾಗಿ ಮಷೀನ್ ಚೆಕ್ ಬರುತ್ತದೆ. 2010ರಲ್ಲಿ ಕೆವಿಎಂಗೆ ಸೇರಿದ ಪರಿಹಾರ ಆ ಮಷೀನ್ ಚೆಕ್ ಅನ್ನು ಗುರುತಿಸಿ, ಟಿಎಲ್‌ಬಿ ಅಳಿಸಿ, ಆ ಗೆಸ್ಟ್ ಒಂದನ್ನೇ ಕೊಲ್ಲುತ್ತದೆ. ಹೋಸ್ಟ್ ಉಳಿಯುತ್ತದೆ. ಒಂದು ಕಡೆ ಮುಂಚೆಯೇ ದಾರಿ ಮುಚ್ಚುವುದು, ಇನ್ನೊಂದು ಕಡೆ ಬಿದ್ದ ಮೇಲೆ ಉಳಿದವರನ್ನು ಕಾಪಾಡುವುದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬರಹಕ್ಕೆ ಬಲ ಬರುತ್ತದೆ.

ಭಾಷೆಯ ಬಗ್ಗೆ ಒಂದೇ ಮಾತು. ‘ಸ್ಮೃತಿ ಸ್ಥಾನಾಂತರಣ ಕೋಷ್ಟಕ’ ಬೇಡ. ಪೇಜ್ ಟೇಬಲ್ ಎಂದೇ ಬರೆಯಿರಿ, ಕೆಲಸ ಮಾಡುವವರು ಹಾಗೇ ಅನ್ನುವುದು.

ಎರಡು ನಮೂದುಗಳ ಆ ಚಿತ್ರವನ್ನು ಮೊದಲ ಪ್ಯಾರಾದಲ್ಲೇ ತಂದು, ಎಲ್1ಟಿಎಫ್ ಭಾಗ ಬಿಟ್ಟು, ಮತ್ತೆ ಬರೆದು ಕಳಿಸಿ. ನಾನೇ ಓದುತ್ತೇನೆ.

ಇಂತಿ,
ಸಂಪಾದಕ