ಹೆಬ್ಬೇವು ಮಾರಿ, ದಂಡೆಯ ಹೊಂಗೆ ಬಿಡಿ

ಯಲಬುರ್ಗಾ ತಾಲ್ಲೂಕಿನ ರೈತರೊಬ್ಬರ ಪತ್ರ: "ಹಳ್ಳದ ಪಕ್ಕದ ಹೊಲದಲ್ಲಿ ಹೆಬ್ಬೇವು ಕಟಾವಿಗೆ ಬಂದಿದೆ. ದಂಡೆಯ ಹೊಂಗೆ, ನೇರಳೆ, ಜಾಲಿ ಸೇರಿಸಿ ಕೊಟ್ಟರೆ ಜಾಸ್ತಿ ದುಡ್ಡು ಕೊಡ್ತೀನಿ, ಜೆಸಿಬಿ ತಂದು ಬೇರು ಸಮೇತ ಕೀಳಿಸ್ತೀನಿ ಅಂತಾನೆ ವ್ಯಾಪಾರಿ. ಹಿರೇಹಳ್ಳದಲ್ಲೂ ಜಾಲಿ ತೆಗೆಸಿದರಲ್ಲ, ನಾವು ತೆಗೆದರೆ ತಪ್ಪೇನು?"

ನಮಸ್ಕಾರ. ಹೆಬ್ಬೇವು ನೀವೇ ಹಚ್ಚಿ, ನೀರುಣಿಸಿ ಬೆಳೆಸಿದ್ದು. ಜೋಳ, ಕಡಲೆಯ ಹಾಗೆ ಅದೂ ಒಂದು ಬೆಳೆ. ಕಡಿಸಿ, ಮಾರಿ. ದಂಡೆಯ ಮರಗಳನ್ನು ಮಾತ್ರ ಅದೇ ಲೆಕ್ಕಕ್ಕೆ ಸೇರಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ನಿಮ್ಮದು ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಬೇಸಿಗೆಯಲ್ಲಿ ದಂಡೆಯ ಅಂಚಿನಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ, ಅಲ್ವಾ? ದೊಡ್ಡ ಮಳೆ ಬಂದು ನೀರು ಅದರೊಳಗೆ ಇಳಿದರೆ ಮಣ್ಣು ಹೆಂಟೆ ಹೆಂಟೆಯಾಗಿ ಹಳ್ಳಕ್ಕೆ ಕಳಚಿ ಬೀಳುತ್ತದೆ. ಹೊಂಗೆ ನಿಂತ ಕಡೆ ಹಾಗಾಗುವುದು ಕಡಿಮೆ. ಹಳ್ಳಕ್ಕಿಳಿದು ಕೆಳಗಿನಿಂದ ನೋಡಿ. ಹೆಬ್ಬೆರಳು ಗಾತ್ರದ ಬೇರು, ಅದರಿಂದ ಒಡೆದ ಸಣ್ಣ ಸಣ್ಣ ಬೇರು, ಎಲ್ಲ ಹೆಣೆದುಕೊಂಡು ಮಣ್ಣು ಹಿಡಿದಿರುತ್ತವೆ. ಜೆಸಿಬಿ ಕೀಳುವುದು ಇದನ್ನೇ. ಆಮೇಲೆ ಮಳೆಗಾಲ ಬಂದಾಗಲೆಲ್ಲ ಹೊಲದ ಅಂಚು ಒಂದಿಷ್ಟು ಹೋಗುತ್ತಲೇ ಇರುತ್ತದೆ.

ಹೋದ ಮಣ್ಣು ಎಲ್ಲೋ ಒಂದು ಕಡೆ ಕೂರಲೇಬೇಕು. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. ಆ ಹೂಳೆಲ್ಲ ದಂಡೆಗಳದ್ದಲ್ಲ, ನಿಜ. ದಂಡೆಗಳದ್ದೂ ಇದೆ.

ಇನ್ನು ಹಿರೇಹಳ್ಳದ ಮಾತು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು ತೆಗೆಸಿದ್ದು ಹಳ್ಳದೊಳಗೆ ಬೆಳೆದು ನೀರಿನ ದಾರಿ ಕಟ್ಟಿದ್ದ ಜಾಲಿ ಮತ್ತು ಹೂಳು. ಅಂಥ ಬಳ್ಳಾರಿ ಜಾಲಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ದಂಡೆಯ ಮೇಲಿನ ಜಾಲಿಯನ್ನು ಒಂದೇ ಸಲ ಬೋಳಿಸಬೇಡಿ. ಸ್ವಲ್ಪ ಸ್ವಲ್ಪ ಕಡಿದು ಆ ಜಾಗದಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ ಹಚ್ಚುತ್ತಾ ಹೋಗಿ.

ಮುಂಗಡ ಇಸಿದುಕೊಳ್ಳುವ ಮೊದಲು ಪಹಣಿ ತೆಗೆದು ನೋಡಿ. ಹಳ್ಳ ಸಾಮಾನ್ಯವಾಗಿ 'ಬ' ಖರಾಬಿನಲ್ಲಿರುತ್ತದೆ. ಅದು ಸರ್ಕಾರದ ಜಾಗ, ಅಲ್ಲಿನ ಮರ ಮಾರಲು ನಿಮಗೆ ಹಕ್ಕಿಲ್ಲ. ಹದ್ದು ಗೊತ್ತಿಲ್ಲದಿದ್ದರೆ ಸರ್ವೆ ಮಾಡಿಸಿ. ನಿಮ್ಮ ಸ್ವಂತ ಜಾಗದ ಮರಗಳಿಗೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗೆ ವಿನಾಯಿತಿ ಉಂಟು, ಎಲ್ಲಕ್ಕೂ ಇಲ್ಲ. ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿಯೇ ಮುಂದುವರಿಯಿರಿ. "ಅದೆಲ್ಲ ನಾನು ನೋಡ್ಕೊಳ್ತೀನಿ" ಅನ್ನುವ ವ್ಯಾಪಾರಿಯ ಮಾತು ನಂಬಿ ಕೂರಬೇಡಿ.

ಹೆಬ್ಬೇವು ಕಟಾವು ಮಳೆಗಾಲಕ್ಕೆ ಮುಂಚೆ, ನೆಲ ಒಣಗಿರುವಾಗಲೇ ಮುಗಿಯಲಿ. ಮರ ಹೊಲದ ಕಡೆಗೇ ಬೀಳಬೇಕು. ದಿಮ್ಮಿಗಳನ್ನು ಹಳ್ಳದೊಳಗೆ ಎಳೆಯಲು ಬಿಡಬೇಡಿ. ಟ್ರ್ಯಾಕ್ಟರ್ ಇಳಿದ ಜಾಡು ಮಳೆ ಬಂದರೆ ಕೊರಕಲಾಗುತ್ತದೆ.

ಹೊಂಗೆ ಬೀಜಕ್ಕೆ ಕೊಳ್ಳುವವರಿದ್ದಾರೆ, ಸೊಪ್ಪು ಹೊಲಕ್ಕೆ ಒಳ್ಳೆ ಗೊಬ್ಬರ. ಆದರೂ ವ್ಯಾಪಾರಿ ತೋರಿಸುವ ದುಡ್ಡಿಗೆ ಅದು ಸಮ ಬರಲಿಕ್ಕಿಲ್ಲ. ಕೈ ಬಿಗಿಯಾಗಿದ್ದರೆ, ಅನುಮತಿ ಸಿಕ್ಕ ಮರದ ಕೊಂಬೆ ಕಡಿಸಿ ಮಾರಿ, ಬುಡ ಮುಟ್ಟಬೇಡಿ. ಬಿಡಬೇಕಾದ ಮರಗಳಿಗೆ ಮೊದಲೇ ಸುಣ್ಣದ ಪಟ್ಟೆ ಬಳಿದಿಡಿ. ಕಡಿಯುವ ದಿನ ನೀವೇ ಎದುರಿಗೆ ನಿಲ್ಲಿ.

– ಸಂಪಾದಕ