ತೂಕ ಇಳಿಸುವ ಹುಮ್ಮಸ್ಸು ಇಳಿದಾಗ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಈ ಸಲ ಬಂದ ಪತ್ರಗಳದ್ದು ಹೆಚ್ಚುಕಡಿಮೆ ಒಂದೇ ದೂರು: ಜೋರಾಗಿ ಶುರು ಮಾಡುತ್ತೇವೆ, ನಡುವೆ ಕೈಬಿಡುತ್ತೇವೆ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ವಯಸ್ಸು 38, ತೂಕ 78 ಕೆ.ಜಿ. ಇತ್ತು. ದಿನಾ ಬೆಳಿಗ್ಗೆ 40 ನಿಮಿಷ ವಾಕಿಂಗ್ ಮಾಡುತ್ತೇನೆ, ರಾತ್ರಿ ಅನ್ನ ಬಿಟ್ಟು ರೊಟ್ಟಿಗೆ ಬಂದಿದ್ದೇನೆ. ಮೊದಲ ತಿಂಗಳು ಮೂರು ಕೆ.ಜಿ. ಇಳಿಯಿತು. ಆಮೇಲೆ ಮೂರು ವಾರದಿಂದ ಮುಳ್ಳು ಅಲ್ಲಾಡಿಲ್ಲ, ಮೊನ್ನೆ ಅರ್ಧ ಕೆ.ಜಿ. ಏರಿದೆ ಬೇರೆ. ಇಷ್ಟೆಲ್ಲ ಮಾಡಿ ಏನು ಬಂತು ಅನ್ನಿಸಿಬಿಟ್ಟಿದೆ.
— ಶಿಕ್ಷಕಿ, ಸಿಂಧನೂರು

ಮೊದಲು ಆ ಮೂರು ಕೆ.ಜಿ. ಲೆಕ್ಕ ನೋಡೋಣ. ಅನ್ನ ಕಡಿಮೆ ಮಾಡಿದಾಗ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅದು ಹೋದರೆ ಆ ನೀರೂ ಹೋಗುತ್ತದೆ. ಹಾಗಾಗಿ ಮೊದಲ ಒಂದೆರಡು ವಾರ ಇಳಿದದ್ದರಲ್ಲಿ ಒಳ್ಳೆಯ ಪಾಲು ನೀರು. ಕೊಬ್ಬು ಅಷ್ಟು ಬೇಗ ಹೋಗುವುದಿಲ್ಲ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಅದೇ ಒಳ್ಳೆಯ ವೇಗ. ಮೊದಲ ತಿಂಗಳ ವೇಗವನ್ನೇ ಮುಂದಿನ ತಿಂಗಳೂ ನಿರೀಕ್ಷಿಸುವುದರಿಂದಲೇ ಬಹಳ ಜನರ ಮನಸ್ಸು ಮುರಿಯುತ್ತದೆ.

ಏರಿದ ಅರ್ಧ ಕೆ.ಜಿ.ಗೂ ಹೆದರಬೇಕಿಲ್ಲ. ಸಂಜೆ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದಿದ್ದರೆ ಆ ಉಪ್ಪು ಮರುದಿನದವರೆಗೆ ನೀರು ಹಿಡಿದಿಡುತ್ತದೆ. ಮುಟ್ಟಿಗೆ ಮುಂಚಿನ ವಾರ ಒಂದೆರಡು ಕೆ.ಜಿ. ಏರುವುದೂ ಉಂಟು. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಅದೇ ಯಂತ್ರದ ಮೇಲೆ ನಿಂತು ತೂಕ ಬರೆದಿಡಿ. ಯಂತ್ರ ಚಾಪೆಯ ಮೇಲಲ್ಲ, ಗಟ್ಟಿ ನೆಲದ ಮೇಲಿರಲಿ. ಏಳು ದಿನದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಒಂದು ದಿನದ ಅಂಕಿ ನೋಡಿ ಖುಷಿಯನ್ನೂ ಪಡಬೇಡಿ, ದುಃಖವನ್ನೂ ಪಡಬೇಡಿ. ಹದಿನೈದು ದಿನಕ್ಕೊಮ್ಮೆ ಸೊಂಟದ ಸುತ್ತಳತೆ ತೆಗೆಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ನೋಡುವುದು. ತೂಕ ನಿಂತಾಗಲೂ ಇದು ಇಳಿಯುತ್ತಿರಬಹುದು. ನಮ್ಮ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಬಾರದು.

ನಾಲ್ಕು ವಾರವಾದರೂ ಸರಾಸರಿ, ಸುತ್ತಳತೆ ಎರಡೂ ಕದಲದಿದ್ದರೆ ಆಗ ಮಾತ್ರ ಊಟ ಪರೀಕ್ಷಿಸಿ. ತಪ್ಪು ಸಾಮಾನ್ಯವಾಗಿ ರೊಟ್ಟಿಯಲ್ಲಿ ಇರುವುದಿಲ್ಲ, ರೊಟ್ಟಿಯ ಪಕ್ಕದಲ್ಲಿರುತ್ತದೆ. ನಿಮ್ಮ ತೂಕದವರು 40 ನಿಮಿಷ ನಡೆದರೆ ಕರಗುವುದು ಸುಮಾರು 175 ಕ್ಯಾಲೊರಿ. ಶೇಂಗಾ ಹಿಂಡಿಯ ಮೇಲೆ ಹಸಿ ಎಣ್ಣೆ ಸುರಿದುಕೊಳ್ಳುತ್ತೀರಲ್ಲ, ಆ 15 ಮಿ.ಲೀ. ದೊಡ್ಡ ಚಮಚ ಒಂದಕ್ಕೆ 120 ಕ್ಯಾಲೊರಿ. ಹಿಂಡಿ 20 ಗ್ರಾಂ ಆದರೆ ಅದಕ್ಕೆ ಮತ್ತೆ ನೂರರ ಮೇಲೆ. ಬೆಳಗಿನ ನಡಿಗೆ ತಟ್ಟೆಯ ಒಂದು ಮೂಲೆಯಲ್ಲೇ ಮುಗಿದುಹೋಯಿತು.

ಮನೆಯ ಎಣ್ಣೆ ಅಳೆಯಲು ಸುಲಭ ದಾರಿ ಇದೆ. ಕ್ಯಾನ್ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ತಲೆಗೆ ದಿನಕ್ಕೆ 25ರಿಂದ 30 ಗ್ರಾಂ ಎಂದರೆ ನಾಲ್ಕು ಜನರಿಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್ ಸಾಕು. ಐದು ಲೀಟರಿನ ಕ್ಯಾನ್ ತಿಂಗಳೊಳಗೆ ಖಾಲಿಯಾದರೆ ಉತ್ತರ ಸಿಕ್ಕಿತು. ಒಗ್ಗರಣೆಗೆ ಕ್ಯಾನಿನಿಂದ ನೇರ ಸುರಿಯದೆ ಚಮಚದಲ್ಲಿ ಹಾಕಿ. ರೊಟ್ಟಿ ಎರಡು ಇರಲಿ. ಜೊತೆಗೆ ಬೇಳೆ ಹಾಕಿದ ಪುಂಡಿಪಲ್ಯವೋ ಹೆಸರುಕಾಳಿನ ಪಲ್ಯವೋ ಒಂದು ಬಟ್ಟಲು ತುಂಬ, ಮೇಲೆ ಮೊಸರು. ಪ್ರೋಟೀನು ಸಾಲದಿದ್ದರೆ ನಾಲ್ಕು ಗಂಟೆಗೆ ಹಸಿವು ಹುಟ್ಟಿ ಮಿರ್ಚಿ ಬಂಡಿಯ ಕಡೆ ಕಾಲು ಹೋಗುತ್ತದೆ. ಇಷ್ಟೆಲ್ಲ ಸರಿಯಿದ್ದೂ ಸುಸ್ತು, ಮಲಬದ್ಧತೆ, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ನೋಡುವ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿ.

ವಾರಕ್ಕೊಮ್ಮೆ ಪಾಳಿ ಬದಲಾಗುವ ಕೆಲಸ. ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಎರಡೇ ತಿಂಗಳು ಹೋದೆ. ನೈಟ್ ಶಿಫ್ಟ್ ಬಂದರೆ ಎಲ್ಲ ಕೆಡುತ್ತದೆ. ನನಗೆ ಮನಸ್ಸು ಗಟ್ಟಿ ಇಲ್ಲವೇ?
— ಓದುಗ, ಶಕ್ತಿನಗರ

ನಿಮ್ಮ ಮನಸ್ಸಿನದೇನೂ ತಪ್ಪಿಲ್ಲ. ವ್ಯಾಯಾಮವನ್ನು ಗಡಿಯಾರಕ್ಕೆ ಕಟ್ಟಿದ್ದೇ ತಪ್ಪು. ಪಾಳಿಯವರಿಗೆ ‘ಬೆಳಿಗ್ಗೆ ಆರಕ್ಕೆ’ ಎನ್ನುವ ನಿಯಮ ನಡೆಯುವುದಿಲ್ಲ. ‘ಎದ್ದು ಮುಖ ತೊಳೆದ ಮೇಲೆ, ಚಹಾಕ್ಕೆ ಮೊದಲು’ ಎನ್ನುವುದು ನಡೆಯುತ್ತದೆ. ಎಷ್ಟು ಗಂಟೆಗೆ ಎದ್ದರೂ ಮುಖವಂತೂ ತೊಳೆಯುತ್ತೀರಿ.

ಎರಡು ಅಳತೆ ಇಟ್ಟುಕೊಳ್ಳಿ. ದಣಿದ ದಿನಕ್ಕೆ ಹತ್ತು ನಿಮಿಷ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 12 ಸಲ, ಗೋಡೆಗೆ ಕೈಯಿಟ್ಟು ಪುಷ್‌ಅಪ್ 10, ಅರ್ಧ ನಿಮಿಷ ಪ್ಲಾಂಕ್ (ಮೊಣಕೈ, ಕಾಲ್ಬೆರಳು ಊರಿ ಮೈ ನೆಟ್ಟಗೆ ಹಿಡಿಯುವುದು), ಇದೇ ಸರದಿ ಮೂರು ಸುತ್ತು. ಬಿಡುವಿನ ದಿನಕ್ಕೆ ಪೂರ್ತಿ ನಲವತ್ತು ನಿಮಿಷ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಂದಮೇಲೆ ಜಿಮ್‌ಗೆ ವಾರಕ್ಕೆ ಎರಡೇ ದಿನ ಹೋದರೂ ಕಟ್ಟಿದ ದುಡ್ಡು ದಂಡವಲ್ಲ. ಆರು ದಿನದ ವೇಳಾಪಟ್ಟಿ ಬರೆದುಕೊಡುವ ತರಬೇತುದಾರರು ನಿಮ್ಮ ಪಾಳಿ ಕೇಳಿರುವುದಿಲ್ಲ.

ಒಂದು ದಿನ ತಪ್ಪಿದರೆ ತಪ್ಪಲಿ, ಸತತ ಎರಡು ದಿನ ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ಅಧ್ಯಯನ ಮಾಡಿದಾಗ ಹೊಸ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೇನೂ ಆಗಲಿಲ್ಲ. ನೀವು ಬಿಟ್ಟದ್ದು ಎರಡು ತಿಂಗಳಿಗೆ, ಅಂದರೆ ಹೆಚ್ಚುಕಡಿಮೆ ದಡದ ಹತ್ತಿರ.

ರಾತ್ರಿ ಪಾಳಿಯಲ್ಲಿ ಊಟ ಮುಗಿಸಿಯೇ ಹೊರಡಿ. ನಡುರಾತ್ರಿಗೆ ಹುರಿಗಡಲೆ, ಮೊಟ್ಟೆ ಅಥವಾ ಮಜ್ಜಿಗೆ ಜೊತೆಗಿರಲಿ. ನಾಲ್ಕು ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಎಂದರೆ 40 ಗ್ರಾಂ, 160 ಕ್ಯಾಲೊರಿ. ಮಲಗುವುದಕ್ಕೆ ಆರು ಗಂಟೆ ಮೊದಲೇ ಚಹಾ ನಿಲ್ಲಿಸಿ, ಕೋಣೆಗೆ ದಪ್ಪ ಪರದೆ ಹಾಕಿ. ನಿದ್ದೆಗೆಟ್ಟ ದಿನ ಹಸಿವು ಹೆಚ್ಚುತ್ತದೆ, ಅದೂ ಕರಿದ, ಸಿಹಿ ತಿಂಡಿಗಳ ಮೇಲೆಯೇ.

ಬೇಸಿಗೆ ಬಂತೆಂದರೆ ನನ್ನ ವಾಕಿಂಗ್ ಮಾರ್ಚಿಗೇ ನಿಲ್ಲುತ್ತದೆ. ಬೆವರು ಹೆಚ್ಚು ಬಂದರೆ ಕೊಬ್ಬು ಹೆಚ್ಚು ಕರಗುತ್ತದಂತೆ, ನಿಜವೇ?
— ಗೃಹಿಣಿ, ಬಳ್ಳಾರಿ

ಸುಳ್ಳು. ಬೆವರಿನಲ್ಲಿ ಹೋಗುವುದು ನೀರು, ಉಪ್ಪು. ಎರಡು ತಂಬಿಗೆ ನೀರು ಕುಡಿದರೆ ಆ ತೂಕ ವಾಪಸು. ಸೊಂಟಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ನಡೆಯುವುದು ಬಳ್ಳಾರಿಯ ಬಿಸಿಲಿಗೆ ಅಪಾಯವೂ ಹೌದು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಆರೂವರೆಯೊಳಗೆ ನಡಿಗೆ ಮುಗಿಸಿ. ಆಗದಿದ್ದರೆ ಊಟವಾದ ಮೇಲೆ ಮೂರು ಹೊತ್ತೂ ಮನೆಯೊಳಗೇ ಹತ್ತತ್ತು ನಿಮಿಷ ನಡೆದರೂ ಅರ್ಧ ಗಂಟೆಯಾಯಿತು.

ಜಾತ್ರೆ, ಮದುವೆ ಎಂದು ಒಂದು ದಿನ ಪಥ್ಯ ಮುರಿದರೆ ಆ ವಾರವೇ ಹೋಯಿತೆಂದು ಎಲ್ಲ ಬಿಟ್ಟುಬಿಡುತ್ತೇನೆ. ಮನೆಯಲ್ಲಿ ಅತ್ತೆಯವರು “ಸೊರಗಿ ಹೋಗೀದಿ, ಇನ್ನೊಂದು ರೊಟ್ಟಿ ಉಣ್ಣು” ಅಂತಾರೆ.
— ಓದುಗಳು, ಕೊಪ್ಪಳ

ಒಂದು ಕೆ.ಜಿ. ಕೊಬ್ಬು ಸೇರಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ಉಣ್ಣಬೇಕು. ಗವಿಮಠದ ಜಾತ್ರೆಯಲ್ಲಿ ರೊಟ್ಟಿ, ಮಾದಲಿ ಎಷ್ಟೇ ಉಂಡರೂ ಒಂದು ಹೊತ್ತಿಗೆ ಅಷ್ಟಾಗದು. ನೆಮ್ಮದಿಯಾಗಿ ಪ್ರಸಾದ ಉಣ್ಣಿ. ಮರುದಿನ ಉಪವಾಸ ಮಾತ್ರ ಬೇಡ, ಸಂಜೆಗೆ ಹಸಿವು ತಡೆಯದೆ ಮತ್ತೆ ಮುರಿಯುತ್ತದೆ. ಮುಂದಿನ ಊಟ ಎಂದಿನ ಅಳತೆಯದಾದರೆ ಸಾಕು.

ಅತ್ತೆಯವರ ಮಾತಿಗೆ ‘ಬೇಡ’ ಎಂದರೆ ಒತ್ತಾಯ ಹೆಚ್ಚಾಗುತ್ತದೆ. “ರೊಟ್ಟಿ ಸಾಕ್ರಿ ಅತ್ತಿ, ಪಲ್ಯ ಇನ್ನೀಟು ಹಾಕ್ರಿ” ಅನ್ನಿ. ಬಡಿಸುವವರಿಗೂ ಬಡಿಸಿದ ಸಮಾಧಾನ.

ವಯಸ್ಸು 45, ತೂಕ 92. ಪ್ರತಿ ಶನಿವಾರ ಅಂಜನಾದ್ರಿ ಹತ್ತುತ್ತೇನೆ. ಇಳಿಯುವಾಗ ಮೊಣಕಾಲು ನೋಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ. ನಿಲ್ಲಿಸಲೇ?
— ವ್ಯಾಪಾರಿ, ಗಂಗಾವತಿ

ನಿಲ್ಲಿಸುವುದು ಬೇಡ, ಕ್ರಮ ಬದಲಿಸಿ. ವಾರವಿಡೀ ಅಂಗಡಿಯಲ್ಲಿ ಕುಳಿತು ಒಂದೇ ದಿನ 575 ಮೆಟ್ಟಿಲು ಹತ್ತಿ ಇಳಿದರೆ ತೊಡೆಯ ಮುಂಭಾಗದ ಸ್ನಾಯು ಸೋಲುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯುವುದು ಅದೇ. ಅದು ಸೋತರೆ ಭಾರವೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳುತ್ತದೆ. ವಾರದಲ್ಲಿ ಮೂರು ದಿನ ಕುರ್ಚಿಯಿಂದ ನಿಧಾನ ಎದ್ದು, ಮೂರು ಎಣಿಸುತ್ತ ಕೂರುವ ಅಭ್ಯಾಸ 10ರಂತೆ ಮೂರು ಸಲ ಮಾಡಿ. ಆರು ವಾರ ಅರ್ಧ ಬೆಟ್ಟ ಮಾತ್ರ ಹತ್ತಿ, ಇಳಿಯುವಾಗ ಕಂಬಿ ಹಿಡಿದು ಸಣ್ಣ ಹೆಜ್ಜೆ ಇಡಿ. ಮಂಡಿ ಊದಿದರೆ ಅಥವಾ ಸಿಕ್ಕಿಹಾಕಿಕೊಂಡಂತಾದರೆ ಮೂಳೆ ವೈದ್ಯರಿಗೆ ತೋರಿಸಿ.

ಮಾತ್ರೆ ಯಾವುದು ಎಂದು ಬರೆದಿಲ್ಲ. ಗ್ಲಿಮೆಪಿರೈಡ್ ಜಾತಿಯದಾದರೆ ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ಸಕ್ಕರೆ ಏಕಾಏಕಿ ಇಳಿಯಬಹುದು. ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ. ನಡುಕ, ತಣ್ಣನೆ ಬೆವರು ಬಂದರೆ ಅಲ್ಲೇ ಕುಳಿತು ತಿನ್ನಿ. ತೂಕ ಇಳಿದ ಹಾಗೆಲ್ಲ ಮಾತ್ರೆಯ ಅಳತೆ ಕಡಿಮೆ ಮಾಡಬೇಕಾಗಿ ಬರುವುದರಿಂದ ಮೂರು ತಿಂಗಳಿಗೊಮ್ಮೆ ನಿಮ್ಮ ವೈದ್ಯರನ್ನು ಕಾಣಿ.