ಹಡಗಿಗಷ್ಟೇ ಹಣ ಕೊಟ್ಟರೆ ಸಾಲದು

ಮಾನ್ಯ ಓದುಗರೇ,

ಸಾಗರ ಪ್ರದೇಶಗಳಲ್ಲಿ ಪರಿಸರವೂ ಜನಜೀವನವೂ ಬದಲಾಗುತ್ತಿರುವ ಬಗೆಯನ್ನು ಅರಿಯಲು ಹಲವು ದೇಶಗಳು ಕೂಡಿ ಹಣ ಹೂಡುವುದರ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ತಮ್ಮ ಆಕ್ಷೇಪಗಳು ಮೂರು. ಹಡಗು, ಉಪಕರಣಗಳಿಗೇ ಹಣ ಸಾಲದಿರುವಾಗ ಸಮಾಜಶಾಸ್ತ್ರಜ್ಞರನ್ನೂ ಮೀನುಗಾರರನ್ನೂ ಸೇರಿಸಿಕೊಂಡು ಸಭೆ ನಡೆಸಲು ಖರ್ಚು ಮಾಡುವುದು ಸರಿಯೇ? ಒಂದು ದೇಶದ ತೆರಿಗೆದಾರರ ಹಣ ಇನ್ನೊಂದು ದೇಶದ ವಿಜ್ಞಾನಿಗಳಿಗೆ ಏಕೆ ಹೋಗಬೇಕು? ಮೂರು ವರ್ಷಗಳಲ್ಲಿ ಮುಗಿಯುವ ಯೋಜನೆಯಿಂದ ಸಮುದ್ರದ ಬಗ್ಗೆ ತಿಳಿಯುವುದಾದರೂ ಏನು? ಮೂರನೆಯದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಮೊದಲನೆಯದನ್ನು ಒಪ್ಪಲಾರೆ, ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ.

ಹಣ ಸಾಲದೆಂಬ ಮಾತು ನಿಜ. ಯುನೆಸ್ಕೋದ ಅಂತರಸರ್ಕಾರಿ ಸಾಗರವಿಜ್ಞಾನ ಆಯೋಗವು 2020ರಲ್ಲಿ ಹೊರತಂದ ವರದಿಯ ಪ್ರಕಾರ ದೇಶಗಳು ತಮ್ಮ ಸಂಶೋಧನಾ ಬಜೆಟ್ಟಿನಲ್ಲಿ ಸಾಗರವಿಜ್ಞಾನಕ್ಕೆ ಕೊಡುವುದು ಸರಾಸರಿ ಶೇ. 1.7 ಮಾತ್ರ. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಸಂಗ್ರಹವಾಗುತ್ತಿರುವ ಹೆಚ್ಚುವರಿ ಶಾಖದ ಶೇ. 90ಕ್ಕಿಂತ ಹೆಚ್ಚು ಪಾಲನ್ನು ಸಮುದ್ರವೇ ಹೀರಿಕೊಳ್ಳುತ್ತಿದೆ ಎಂಬುದನ್ನು ನೆನೆದರೆ ಈ ಪಾಲು ತೀರಾ ಚಿಕ್ಕದು. ಆದರೆ ಇದ್ದ ಹಣವನ್ನೆಲ್ಲ ಹಡಗಿಗೆ ಸುರಿದರೆ ಏನಾಗಬಹುದೆಂಬುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಅನುಭವವನ್ನು ತಾವು ಗಮನಿಸಬೇಕು.

ಅಲ್ಲಿ ಕಾಡ್ ಮೀನಿನ ಲೆಕ್ಕ ಹಾಕಲು ವಿಜ್ಞಾನಿಗಳಿಗೆ ಸಮೀಕ್ಷಾ ಹಡಗುಗಳಿದ್ದವು, ಆಳಸಮುದ್ರದ ದೊಡ್ಡ ಟ್ರಾಲರ್‌ಗಳು ಹಿಡಿದು ತಂದ ಮೀನಿನ ಅಂಕಿಅಂಶಗಳೂ ಇದ್ದವು. ಟ್ರಾಲರ್‌ಗಳ ಬಲೆ ತುಂಬಿಯೇ ಬರುತ್ತಿದ್ದುದರಿಂದ ಮೀನಿನ ಸಂತತಿ ಚೆನ್ನಾಗಿದೆ ಎಂದೇ ಎಣಿಸಲಾಯಿತು. ದಡದ ಬಳಿ ಚಿಕ್ಕ ದೋಣಿಗಳಲ್ಲಿ ದುಡಿಯುವ ಮೀನುಗಾರರಾದರೋ 1980ರ ದಶಕದ ನಡುವಿನಿಂದಲೇ ಬೇರೆ ಮಾತನ್ನು ಹೇಳುತ್ತಿದ್ದರು: ತಮ್ಮ ಬಲೆಗೆ ಬೀಳುವ ಮೀನು ಕಡಿಮೆಯಾಗುತ್ತಿದೆ, ಬಿದ್ದವುಗಳ ಗಾತ್ರವೂ ಕುಗ್ಗುತ್ತಿದೆ. ಅಳಿದುಳಿದ ಮೀನುಗಳು ಒಂದೆಡೆ ಗುಂಪುಗೂಡಿದಾಗ ಉತ್ತಮ ಉಪಕರಣಗಳಿದ್ದ ಟ್ರಾಲರ್‌ಗಳು ಆ ಗುಂಪನ್ನೇ ಹುಡುಕಿ ಹಿಡಿಯುತ್ತಿದ್ದವು. ಹೀಗಾಗಿ ಸಂತತಿ ಕ್ಷೀಣಿಸುತ್ತಿದ್ದರೂ ಅವುಗಳ ಲೆಕ್ಕದಲ್ಲಿ ಅದು ಕಾಣಿಸಲಿಲ್ಲ. ಟ್ರಾಲರ್‌ಗೆ ಮೀನು ಹೇಗೆ ಸಿಗುತ್ತದೆ, ದಡದ ದೋಣಿಗೆ ಏಕೆ ಸಿಗುವುದಿಲ್ಲ ಎಂದು ಬಿಡಿಸಿ ನೋಡಲು ಮೀನಿನ ಜೀವಶಾಸ್ತ್ರ ಬಲ್ಲವರ ಜೊತೆಗೆ ಮೀನುಗಾರಿಕೆಯ ಒಳಹೊರಗನ್ನು ಬಲ್ಲವರೂ, ಅವರ ಮಾತನ್ನು ಕ್ರಮವಾಗಿ ದಾಖಲಿಸಬಲ್ಲ ಸಮಾಜವಿಜ್ಞಾನಿಗಳೂ ಒಟ್ಟಿಗೆ ಕೂರಬೇಕಾಗಿತ್ತು. ಹಾಗೆ ಕೂರಿಸುವ ಏರ್ಪಾಡು ಸಕಾಲದಲ್ಲಿ ಆಗಲಿಲ್ಲ. 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನುಗಾರಿಕೆಯನ್ನು ನಿಷೇಧಿಸಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಅವರಲ್ಲಿ ದೋಣಿಯ ಮೇಲಿದ್ದವರಷ್ಟೇ ಅಲ್ಲದೆ ಮೀನು ಸಂಸ್ಕರಣಾ ಘಟಕಗಳಲ್ಲಿ ದುಡಿಯುತ್ತಿದ್ದ ಹೆಂಗಸರೂ ಇದ್ದರು. ಎರಡು ವರ್ಷಕ್ಕೆಂದು ಬಂದ ನಿಷೇಧ ಪೂರ್ತಿಯಾಗಿ ತೆರವಾದದ್ದು 2024ರಲ್ಲಿ. ಸಭೆಗಳ ಖರ್ಚು ದುಂದೆಂದು ತಮಗೆ ತೋರಿದಾಗ ಈ ಮೂವತ್ತೆರಡು ವರ್ಷಗಳ ನಷ್ಟವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನು ಎರಡನೆಯ ಆಕ್ಷೇಪ. ಮೀನಿಗೆ ಗಡಿಯಿಲ್ಲ. ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕೆರೆಲ್ ಮೀನು 2007ರ ಸುಮಾರಿಗೆ ಐಸ್‌ಲ್ಯಾಂಡಿನ ಕಡಲಿಗೆ ದೊಡ್ಡ ಪ್ರಮಾಣದಲ್ಲಿ ಬರತೊಡಗಿ, ಮೊದಲು ಇಲ್ಲವೆನ್ನುವಷ್ಟಿದ್ದ ಆ ದೇಶದ ಮ್ಯಾಕೆರೆಲ್ ಹಿಡಿಯುವ ಪ್ರಮಾಣ ಮರುವರ್ಷವೇ ಒಂದು ಲಕ್ಷ ಟನ್ ಮೀರಿತು. ಯಾರ ಪಾಲು ಎಷ್ಟೆಂಬ ವಿಷಯದಲ್ಲಿ ಐಸ್‌ಲ್ಯಾಂಡ್, ಫಾರೋ ದ್ವೀಪಗಳು, ನಾರ್ವೆ ಮತ್ತು ಐರೋಪ್ಯ ಒಕ್ಕೂಟದ ನಡುವೆ ದೀರ್ಘಕಾಲದ ಜಗಳ ಹುಟ್ಟಿತು. ಇಂಥ ಕಡಲನ್ನು ತನ್ನ ಗಡಿಯೊಳಗೆ ಮಾತ್ರ ಅಳೆಯುವ ದೇಶಕ್ಕೆ ಮೀನು ಸತ್ತಿತೋ ವಲಸೆ ಹೋಯಿತೋ ಎಂಬುದೇ ತಿಳಿಯದು.

ಹಣದ ವಿಚಾರದಲ್ಲಿ ತಮಗಿರುವ ಆತಂಕಕ್ಕೆ ನಿಜವಾಗಿ ಆಧಾರವಿಲ್ಲ. ಹಲವು ದೇಶಗಳ ಸಂಶೋಧನಾ ನಿಧಿ ಸಂಸ್ಥೆಗಳು 2009ರಲ್ಲಿ ಕಟ್ಟಿಕೊಂಡ ಬೆಲ್ಮಾಂಟ್ ಫೋರಮ್‌ನ ಪದ್ಧತಿಯನ್ನೇ ನೋಡಿ. ಅರ್ಜಿ ಕರೆಯುವುದು ಒಟ್ಟಿಗೆ, ಪರಿಶೀಲಿಸುವುದು ಒಟ್ಟಿಗೆ. ಹಣವನ್ನು ಮಾತ್ರ ಸಾಮಾನ್ಯವಾಗಿ ಆಯಾ ದೇಶದ ಸಂಸ್ಥೆ ತನ್ನ ದೇಶದ ಸಂಶೋಧಕರಿಗೇ ಕೊಡುತ್ತದೆ. ತಂಡದಲ್ಲಿ ಕನಿಷ್ಠ ಮೂರು ದೇಶಗಳ ಪಾಲುದಾರರಿರಬೇಕು. ನಿಸರ್ಗವಿಜ್ಞಾನಿಗಳು, ಸಮಾಜವಿಜ್ಞಾನಿಗಳು ಮತ್ತು ಫಲಿತಾಂಶವನ್ನು ಬಳಸುವ ಜನ ಮೂವರೂ ಇರಬೇಕು.

ನನಗೆ ಕಳವಳವಿರುವುದು ಈ ಪದ್ಧತಿಯ ಇನ್ನೊಂದು ಮುಖದ ಬಗ್ಗೆ. ಆಯಾ ದೇಶದ ಹಣ ಆಯಾ ದೇಶಕ್ಕೇ ಎಂದಾಗ, ಸಂಶೋಧನೆಗೆ ಹಣ ಕೊಡುವ ಸಂಸ್ಥೆಯೇ ಇಲ್ಲದ ಬಡ ಕರಾವಳಿ ದೇಶಗಳೂ ಪುಟ್ಟ ದ್ವೀಪರಾಷ್ಟ್ರಗಳೂ ಹೊರಗುಳಿಯುತ್ತವೆ, ಇಲ್ಲವೇ ಹೆಸರಿಗಷ್ಟೇ ಪಾಲುದಾರರಾಗುತ್ತವೆ. ಸಮುದ್ರಮಟ್ಟದ ಏರಿಕೆಗೆ ಮೊದಲು ತಲೆಕೊಡಬೇಕಾದವರು ಅವರೇ. ಶ್ರೀಲಂಕಾದ ಸಾಗರ ಜೀವವಿಜ್ಞಾನಿ ಆಶಾ ಡಿ ವೋಸ್ ವರ್ಷಗಳಿಂದ ಎತ್ತುತ್ತಿರುವ ದೂರೂ ಇದಕ್ಕೆ ಹತ್ತಿರದ್ದು: ಹೊರಗಿನ ವಿಜ್ಞಾನಿಗಳು ಬರುತ್ತಾರೆ, ಮಾದರಿ ಸಂಗ್ರಹಿಸುತ್ತಾರೆ, ಸ್ಥಳೀಯರಿಗೆ ಏನನ್ನೂ ಉಳಿಸದೆ ಹೊರಟುಹೋಗುತ್ತಾರೆ. ಇಂಡೋನೇಷ್ಯ ಮತ್ತು ಫಿಲಿಪ್ಪೀನ್ಸ್‌ನ ಹವಳದ ದಿಬ್ಬಗಳಲ್ಲಿ ಕ್ಷೇತ್ರಕಾರ್ಯ ಮಾಡಿ ಬರೆದ ಪ್ರಬಂಧಗಳಲ್ಲಿ ಸುಮಾರು ಶೇ. 40ರಷ್ಟರಲ್ಲಿ ಆ ದೇಶಗಳ ಒಬ್ಬ ವಿಜ್ಞಾನಿಯ ಹೆಸರೂ ಇರಲಿಲ್ಲವೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಗಡಿ ದಾಟಿ ಹೋಗುವ ಹಣ ಹೆಚ್ಚಾಗಬೇಕೆಂಬುದೇ ನನ್ನ ಅಭಿಪ್ರಾಯ.

ಮೂರನೆಯ ಆಕ್ಷೇಪದಲ್ಲಿ ತಾವು ಹೇಳಿದ್ದು ಸರಿ. ಕಡಲನ್ನು ಅರಿಯಲು ದಶಕಗಳೇ ಬೇಕೆಂಬುದಕ್ಕೆ ಪ್ಲವಕಗಳ, ಅಂದರೆ ನೀರಿನಲ್ಲಿ ತೇಲಾಡುವ ಪುಟ್ಟ ಜೀವಿಗಳ, ಸಮೀಕ್ಷೆಯೊಂದನ್ನು ನೋಡಿ. ಇದಕ್ಕಾಗಿ 1931ರಿಂದ ಸರಕು ಹಡಗುಗಳ ಹಿಂದೆ ಒಂದು ಲೋಹದ ಪೆಟ್ಟಿಗೆಯನ್ನು ಕಟ್ಟಿ ಎಳೆದೊಯ್ಯಲಾಗುತ್ತಿದೆ. ಮುಂಭಾಗದ ಬೆರಳಗಲದ ಕಿಂಡಿಯಿಂದ ನೀರು ಒಳಹೊಕ್ಕು ರೇಷ್ಮೆಯ ಪಟ್ಟಿಯ ಮೂಲಕ ಸೋಸಿಹೋಗುತ್ತದೆ. ಹಿಂಬದಿಯ ಪುಟ್ಟ ಪ್ರೊಪೆಲರ್ ತಿರುಗಿದಂತೆ ಪಟ್ಟಿ ಮೆಲ್ಲಗೆ ಸರಿದು, ಸಿಕ್ಕಿದ ಪ್ಲವಕಗಳ ಮೇಲೆ ಇನ್ನೊಂದು ರೇಷ್ಮೆಯ ಪದರ ಮುಚ್ಚಿಕೊಂಡು, ಎರಡೂ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದ ತೊಟ್ಟಿಯಲ್ಲಿ ಸುತ್ತಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಮೊದಲು ರೇಷ್ಮೆ ಎಷ್ಟು ಹಸಿರಾಗಿದೆ ಎಂಬುದನ್ನು ಬಣ್ಣದ ಪಟ್ಟಿಗೆ ಹೋಲಿಸಿ ಬರೆದುಕೊಳ್ಳುತ್ತಾರೆ, ಆಮೇಲೆ ಸೂಕ್ಷ್ಮದರ್ಶಕದಡಿ ಒಂದೊಂದೇ ಜಾತಿಯನ್ನು ಎಣಿಸುತ್ತಾರೆ. ಇಷ್ಟು ಸರಳವಾದ ಕೆಲಸವನ್ನು ದಶಕಗಳ ಕಾಲ ಬಿಡದೆ ಮಾಡಿದ್ದರಿಂದಲೇ ಈಶಾನ್ಯ ಅಟ್ಲಾಂಟಿಕ್‌ನ ಬೆಚ್ಚನೆಯ ನೀರಿನ ಪ್ಲವಕಗಳು ಸುಮಾರು ನಾಲ್ಕು ದಶಕಗಳಲ್ಲಿ ಹತ್ತು ಅಕ್ಷಾಂಶಗಳಷ್ಟು ಉತ್ತರಕ್ಕೆ ಸರಿದಿವೆ ಎಂಬುದು 2002ರಲ್ಲಿ ಬೆಳಕಿಗೆ ಬಂತು. ಇದೇ ಸಮೀಕ್ಷೆ 1980ರ ದಶಕದ ಕೊನೆಯಲ್ಲಿ ಹಣವಿಲ್ಲದೆ ನಿಲ್ಲುವ ಹಂತಕ್ಕೆ ಬಂದಿತ್ತು. ಅದನ್ನು ಮುಂದುವರಿಸಲೆಂದೇ ಒಂದು ಪ್ರತಿಷ್ಠಾನ ಕಟ್ಟಬೇಕಾಯಿತು. ಕರಾವಳಿಯ ಮನೆಗಳ ಆದಾಯ, ಸಾಲ, ವಲಸೆ, ಮಕ್ಕಳ ಕಸುಬುಗಳನ್ನು ಕುರಿತು ಇಷ್ಟು ದೀರ್ಘವಾದ, ಇಷ್ಟು ನಿಷ್ಠೆಯ ದಾಖಲೆ ಬಹುಪಾಲು ಕಡಲತೀರಗಳಲ್ಲಿ ಇಲ್ಲ. ಮೂರು ವರ್ಷದ ಹಣದಲ್ಲಿ ಅದು ಆಗುವ ಕೆಲಸವೂ ಅಲ್ಲ.

ಇಂಥ ಯೋಜನೆಯೊಂದರ ಯೋಗ್ಯತೆಯನ್ನು ಸಾಮಾನ್ಯ ಓದುಗ ಅಳೆಯುವುದು ಹೇಗೆಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಆಯವ್ಯಯದ ಪುಟವನ್ನು ತೆರೆದು ನೋಡಿ. ಮಾಹಿತಿ ಕೊಡಲು ಒಂದು ದಿನದ ದುಡಿಮೆ ಬಿಟ್ಟು ಬರುವ ಮೀನುಗಾರನಿಗೆ ಅಲ್ಲಿ ಕೂಲಿ ನಮೂದಾಗಿದೆಯೇ, ಅನುವಾದಕರಿಗೆ ಸಂಬಳವಿದೆಯೇ, ಯೋಜನೆ ಮುಗಿದ ಮೇಲೆ ದತ್ತಾಂಶವನ್ನು ಆ ತೀರದಲ್ಲೇ ಕಾಯ್ದಿಡಲು ಹಣವಿದೆಯೇ, ಪ್ರಶ್ನೆಗಳನ್ನು ರೂಪಿಸುವ ಮೊದಲ ತಿಂಗಳುಗಳ ಖರ್ಚಿನಲ್ಲಿ ಸ್ಥಳೀಯ ಸಂಸ್ಥೆಗೆ ಪಾಲಿದೆಯೇ ಎಂಬುದನ್ನು ಪರಿಶೀಲಿಸಿ. ಇವು ಯಾವುವೂ ಇಲ್ಲದೆ ಪ್ರಸ್ತಾವದ ತುಂಬ ಸಹಭಾಗಿತ್ವದ ಮಾತೇ ಇದ್ದರೆ, ಅಂಥ ಯೋಜನೆಗೆ ಹಣ ಕೊಡಬಾರದೆಂದು ತಮ್ಮ ಜೊತೆ ನಾನೂ ಹೇಳುತ್ತೇನೆ.

— ಸಂಪಾದಕ